ಗೇಜಿನ ಗೆರೆ

"ಆರ್ಟ್ಸ್ ರೀ," ಎಂದಳು ಗುಲ್ಷನ್‌ಬೀ.

ಕಿಟಕಿಯ ಆಚೆ ಕೂತಿದ್ದ ಗುಮಾಸ್ತ ತಲೆಯೆತ್ತಲಿಲ್ಲ. ಬೆಳಗಿನಿಂದ ನೂರಾರು ಬಾಯಿಂದ ಆ ಮಾತು ಕೇಳಿದ್ದವನು ಅವನು. ಅರ್ಜಿಯ ಮೇಲೆ ಠಪ್ಪೆಂದು ಸಿಕ್ಕಾ ಒತ್ತಿ ಪಕ್ಕಕ್ಕೆ ಸರಿಸಿದ. ಆದರೆ ಗುಲ್ಷನ್‌ಳ ಬೆನ್ನಿಗೇ ನಿಂತಿದ್ದ ಯಮನೂರಮ್ಮ ಹೆಜ್ಜೆ ಮುಂದಿಟ್ಟಳು. "ಏನಂದಿ?" ಎಂದು ಗೆಳತಿಯ ಮೊಣಕೈ ಹಿಡಿದು ಜಗ್ಗಿದಳು. ಗುಲ್ಷನ್ ತಿರುಗಿ ನೋಡಲಿಲ್ಲ. ಓಢಣಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ಸಾಲಿನಿಂದ ಆಚೆ ಸರಿದುಬಿಟ್ಟಳು.

ಎಂಬತ್ತೊಂಬತ್ತನೇ ಇಸವಿ, ಜುಲೈ ಮೊದಲ ವಾರ. ಸಿಂಧನೂರಿನ ಡಿಗ್ರಿ ಕಾಲೇಜಿನಲ್ಲಿ ಹೆಸರು ಹಚ್ಚಲು ಅದೇ ಕೊನೆಯ ದಿನ. ಮಸ್ಕಿಯಿಂದ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದಿದ್ದರು. ದಾರಿಯುದ್ದಕ್ಕೂ ಗುಲ್ಷನ್ ತುಟಿ ಬಿಚ್ಚಿರಲಿಲ್ಲ. ಬಸ್ಸಿನಲ್ಲಿ ಅವಳಿಗೆ ತಲೆಸುತ್ತು ಬರುವುದು ಹೊಸದಲ್ಲವಲ್ಲ ಎಂದು ಯಮನೂರಮ್ಮ ಕಿಟಕಿಯ ಜಾಗ ಬಿಟ್ಟುಕೊಟ್ಟಿದ್ದಳು. ಈಗ ನೋಡಿದರೆ ಸುತ್ತಿದ್ದು ಬೇರೆಯೇ.

ಇಬ್ಬರೂ ಬಿಎಸ್ಸಿ ಓದುವುದೆಂದು ಯಾವತ್ತೋ ತೀರ್ಮಾನವಾಗಿತ್ತು. ಲಿಂಗಸುಗೂರಿನಲ್ಲಿ ಪಿಯುಸಿ ಓದಿದ ಎರಡು ವರ್ಷವೂ ಅವರ ನಡುವೆ ಇದ್ದದ್ದು ಒಂದೇ ಸೆಟ್ ಪುಸ್ತಕ. ಫಿಜಿಕ್ಸು, ಕೆಮಿಸ್ಟ್ರಿ ಯಮನೂರಮ್ಮನ ಮನೆಯಲ್ಲಿ. ಬಾಟನಿ, ಜುವಾಲಜಿ ಗುಲ್ಷನ್‌ಳ ಮನೆಯಲ್ಲಿ. ಹದಿನೈದು ದಿನಕ್ಕೊಮ್ಮೆ ಅದಲುಬದಲು. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಚಿತ್ರವೆಲ್ಲ ಗುಲ್ಷನ್‌ಳ ಕೈಯದು, ಬರಹವೆಲ್ಲ ಯಮನೂರಮ್ಮನ ಕೈಯದು. "ಇಬ್ಬರಿಗೂ ಸೇರಿ ಒಂದ ಮಾರ್ಕ್ಸ್ ಕಾರ್ಡ್ ಕೊಡಾಕ ಹೇಳ್ಲೇನು?" ಎಂದು ಕೆಮಿಸ್ಟ್ರಿ ಸರ್ ನಗುತ್ತಿದ್ದರು.

ಆ ಸರ್ ಹತ್ತಿರವೇ ಯಮನೂರಮ್ಮ ಒಮ್ಮೆ ಬೆಂಕಿಪೊಟ್ಟಣದಲ್ಲಿ ಚಿಟಿಕೆ ಮಣ್ಣು ಒಯ್ದಿದ್ದಳು. ಕಾಲುವೆ ಬಂದ ಮೇಲೆ ಅಲ್ಲಲ್ಲಿ ಹೊಲಗಳಲ್ಲಿ ಬಿಳಿಯ ಸವಳು ಏಳುತ್ತಿತ್ತು. ಸುಣ್ಣ ಚೆಲ್ಲಿದಂತೆ ಕಾಣುವ ಆ ನೆಲದಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಅದು ಯಾವ ಉಪ್ಪು, ಎಲ್ಲಿಂದ ಮೇಲೆ ಬರುತ್ತದೆ ಎಂದು ಅವಳಿಗೆ ತಿಳಿಯಬೇಕಿತ್ತು. ಸರ್ ಒಂದೆರಡು ಪರೀಕ್ಷೆ ಮಾಡಿ ತೋರಿಸಿ, "ಪೂರ್ತಿ ತಿಳೀಬೇಕಂದ್ರ ಬಿಎಸ್ಸಿಗೆ ಹೋಗಬೇಕವಾ. ಡಿಗ್ರಿ ಲ್ಯಾಬಿನ್ಯಾಗ ಎಲ್ಲಾ ಸಾಮಾನು ಇರತಾವ," ಎಂದಿದ್ದರು. ಅವತ್ತಿನಿಂದ ಆ ಬೆಂಕಿಪೊಟ್ಟಣ ಅವಳ ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಜೋಪಾನವಾಗಿ ಕೂತಿತ್ತು.

ಮಸ್ಕಿಯಲ್ಲಿ ಯಾರೂ ಬರೆದಿಡದ ಒಂದು ಕಾನೂನಿತ್ತು. ಊರು ಬಿಟ್ಟು ಓದಲು ಹೋಗುವ ಹುಡುಗಿಗೆ ಜೋಡಿ ಇರಬೇಕು. ಅಣ್ಣ ತಮ್ಮಂದಿರು ಜೋಡಿಯಲ್ಲ. ಹುಡುಗಿಗೆ ಹುಡುಗಿಯೇ ಜೋಡಿ. ಹೋಗುವ ಬಸ್ಸು ಒಂದೇ ಆಗಬೇಕು, ಕ್ಲಾಸು ಬಿಡುವ ಹೊತ್ತೂ ಒಂದೇ ಆಗಬೇಕು. ಜೋಡಿ ಮುರಿಯಿತೋ, ಇಬ್ಬರೂ ಮನೆಗೆ. ಎರಡು ವರ್ಷದ ಹಿಂದೆ ಪಕ್ಕದ ಓಣಿಯಲ್ಲಿ ಒಬ್ಬಳಿಗೆ ಮದುವೆ ಗೊತ್ತಾದ ತಪ್ಪಿಗೆ ಅವಳ ಜೋಡಿಯವಳು ಪರೀಕ್ಷೆಗೆ ಎರಡು ತಿಂಗಳಿರುವಾಗ ಓದು ಬಿಟ್ಟು ಕೂತಿದ್ದಳು. ಯಾರಿಗೂ ಅದು ಅನ್ಯಾಯ ಅನ್ನಿಸಿರಲಿಲ್ಲ. ಸಿಂಧನೂರಿನಲ್ಲಿ ಆರ್ಟ್ಸ್‌ನವರಿಗೆ ಹನ್ನೆರಡೂವರೆಗೆ ಕ್ಲಾಸು ಮುಗಿಯುತ್ತಿತ್ತು. ಸೈನ್ಸಿನವರು ಲ್ಯಾಬು ಮುಗಿಸಿಕೊಂಡು ಹೊರಬೀಳುವಾಗ ಐದು ಗಂಟೆ. ಹಾಗಾಗಿ ಗುಲ್ಷನ್ ಕಿಟಕಿಯಲ್ಲಿ ಹೇಳಿದ ಒಂದು ಮಾತಿನಲ್ಲಿ ಇಬ್ಬರ ಓದೂ ತೀರ್ಮಾನವಾಗಿತ್ತು.

ಯಮನೂರಮ್ಮ ಸಾಲು ಬಿಟ್ಟು ಓಡಿ ಹೋದಳು. ಪಡಸಾಲೆಯ ಕಂಬಕ್ಕೊರಗಿ ಕೂತಿದ್ದ ಅಪ್ಪ ಗ್ಯಾನಪ್ಪ ಎದ್ದು ನಿಂತ.

"ಅಪ್ಪಾ, ಗುಲ್ಷನ್ ಆರ್ಟ್ಸ್ ತಗೊಂಡಾಳ!"

"ಹೌದನು?" ಎಂದ ಗ್ಯಾನಪ್ಪ. ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. "ಈಗ ಹೆಂಗ ಮಾಡ್ತಿ?"

"ನೀ ಹೇಳು."

"ನಾ ಏನು ಹೇಳ್ಲಿ? ನಿನಗ ಬೇಕಾದ್ದು ಓದು ಅಂತ ಮಾತು ಕೊಟ್ಟೀನಿ, ನಾ ಬ್ಯಾಡ ಅನ್ನಂಗಿಲ್ಲ. ಸಾಯನ್ಸ್ ಬೇಕಂದ್ರ ಸಾಯನ್ಸೇ ಬರಿ. ಆದ್ರ ಸಂಜೀ ಬಸ್ಸು ಮಸ್ಕಿ ಮುಟ್ಟೂದು ಏಳಕ್ಕ. ಒಬ್ಬಾಕಿ. ನಿಮ್ಮವ್ವ ಕೇಳ್ತಾಳೇನು? ಊರು ಕೇಳ್ತೈತೇನು? ನೀನ ನೋಡವ್ವ."

"ಮಸ್ಕಿ ಹುಡುಗಿ ಯಾರವಾ, ಬರ್ತೀಯೋ ಇಲ್ಲೋ? ಕಿಟಕಿ ಹಾಕ್ತೀನಿ ನೋಡು," ಎಂದು ಗುಮಾಸ್ತ ಒಳಗಿನಿಂದ ಕೂಗಿದ.

ಅವಳು ತನ್ನ ಕೈಯಾರೆ ಅರ್ಜಿಯಲ್ಲಿ ವಿಜ್ಞಾನ ಎಂದಿದ್ದಲ್ಲಿ ಗೀಟು ಎಳೆದು ಕಲಾ ಎಂದು ಬರೆದಳು. ಐಚ್ಛಿಕ ವಿಷಯದ ಜಾಗ ಖಾಲಿ ಬಿಟ್ಟಳು. "ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್ ಬರಿ. ಎಲ್ಲಾರೂ ಅದನ್ನ ತಗೋತಾರ," ಎಂದ ಗುಮಾಸ್ತ. ಬರೆದಳು. ಮೂರು ವರ್ಷದ ಬದುಕು ಮೂರು ನಿಮಿಷದಲ್ಲಿ ಮುಗಿದುಹೋಯಿತು.

ನಂಬಿಸಿ ಕುತ್ತಿಗೆ ಕೊಯ್ದಳು ಎಂದು ಯಮನೂರಮ್ಮ ಅವತ್ತು ರಾತ್ರಿಯೆಲ್ಲ ಅತ್ತಳು. ಅವ್ವ ಕಸ್ತೂರೆಮ್ಮ, "ಬಿಡು, ಯಾವುದಾದ್ರೇನು, ಓದೂದು ಓದೂದ," ಎಂದು ತಲೆ ಸವರಿದಳು. ಗ್ಯಾನಪ್ಪ ಮಾರನೆಯ ದಿನ ಸಂತೆಯಿಂದ ಮಗಳಿಗೆ ಹೊಸ ಚಪ್ಪಲಿ ತಂದ.

ಮರುವಾರದಿಂದ ಶುರುವಾದದ್ದು ನೋಡುವವರಿಗೆ ನಗೆ ಬರಿಸುವಂಥ ಪ್ರಯಾಣ. ಮಾತು ಬಿಟ್ಟ ಇಬ್ಬರು ಹುಡುಗಿಯರು ದಿನಾ ಒಂದೇ ಸೀಟಿನಲ್ಲಿ ಮಗ್ಗುಲಿಗೆ ಮಗ್ಗುಲು ಕೂತು ಹೋಗಬೇಕು, ಕೂತು ಬರಬೇಕು. ಇಲ್ಲದಿದ್ದರೆ ಜೋಡಿ ಮುರಿಯಿತೆಂದು ಆರ್ಟ್ಸೂ ಇಲ್ಲ. ಗುಲ್ಷನ್ ಮೊದಲ ದಿನ, "ಯಮನಿ, ಖರೇನ ಸಿಟ್ಟಾಗೀಯೇನು?" ಎಂದು ಪಿಸುಗುಟ್ಟಿದಳು. ಯಮನೂರಮ್ಮ ಕಿಟಕಿಯ ಆಚೆ ನೋಡಿದಳು. ಎರಡನೇ ವಾರ ಹುಣಸೆಹಣ್ಣಿನ ಉಂಡೆ ತಂದು ಅವಳ ಪುಸ್ತಕದ ಮೇಲಿಟ್ಟಳು. ಯಮನೂರಮ್ಮ ಅದನ್ನು ಮುಂದಿನ ಸೀಟಿನ ಕೂಸಿಗೆ ಕೊಟ್ಟಳು. ಆಮೇಲೆ ಗುಲ್ಷನ್ ಕೂಡ ಸುಮ್ಮನಾದಳು.

ಅಪ್ಪನ ಮೇಲೆ ಯಮನೂರಮ್ಮನಿಗೆ ಒಂದೆಳೆಯಷ್ಟೂ ಅನುಮಾನವಿರಲಿಲ್ಲ. ಇರುವುದಾದರೂ ಹೇಗೆ? ಗ್ಯಾನಪ್ಪ ಕಾಲುವೆಯ ಗೇಟು ಕಾಯುವ ಲಸ್ಕರ್. ಮಸ್ಕಿಯಿಂದ ಸಿಂಧನೂರಿನ ದಾರಿಯಲ್ಲಿ ನಾಲ್ಕು ಮೈಲಿ ಹೋದರೆ ರಸ್ತೆಯ ಪಕ್ಕದಲ್ಲೇ ಅವನ ಗೇಟು. ಇವತ್ತು ನಿನ್ನ ಪಾಳಿ ಎಂದು ಅವನು ಅಂದನೆಂದರೆ ರೈತ ನಿಶ್ಚಿಂತೆಯಿಂದ ಮಲಗಬಹುದಿತ್ತು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು," ಎಂಬುದು ಅವನು ಉಸಿರಿಗೊಮ್ಮೆ ಹೇಳುವ ಗಾದೆ.

ಅವನ ಒಂದು ಗುಟ್ಟು ಮಗಳ ಹತ್ತಿರವಿತ್ತು. ನಾಲ್ಕೈದು ವರ್ಷದಿಂದ ಗ್ಯಾನಪ್ಪನ ಕಣ್ಣು ಮಂಜಾಗಿದ್ದವು. ನೀರಿನೊಳಗೆ ನಿಲ್ಲಿಸಿದ ಗೇಜಿನ ಪಟ್ಟಿಯ ಮೇಲಿನ ಅಡಿ, ಇಂಚಿನ ಗೆರೆಗಳು ಮೇಲಿನಿಂದ ಅವನಿಗೆ ಕಾಣುತ್ತಿರಲಿಲ್ಲ. ಸಾಹೇಬರಿಗೆ ಗೊತ್ತಾದರೆ ನೌಕರಿಗೆ ಕುತ್ತು. ಅದಕ್ಕೇ ರಜೆ ಇದ್ದಾಗಲೆಲ್ಲ ಯಮನೂರಮ್ಮ ರೊಟ್ಟಿಗಂಟು ಹೊತ್ತು ಹೋಗುತ್ತಿದ್ದಳು. ಅವನು ಮೇಲೆ ನಿಂತು ಗೇಟಿನ ಚಕ್ರ ತಿರುಗಿಸುತ್ತಿದ್ದ. ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತು ಗೆರೆ ನೋಡಿ ಕೂಗುತ್ತಿದ್ದಳು. "ಎಷ್ಟಾತವ್ವ?" "ಒಂದು ಒಂಬತ್ತು!" "ಹ್ಞಾಂ!" ಅಷ್ಟೇ. ಅವಳು ಅಂದದ್ದೇ ಖರೆ. ಒಂದು ದಿನವೂ ಅವನು ಇಳಿದು ಬಂದು ನೋಡಿದವನಲ್ಲ. ಅವಳೂ ಈ ಸಂಗತಿಯನ್ನು ಯಾರ ಮುಂದೆಯೂ, ಗುಲ್ಷನ್‌ಳ ಮುಂದೆಯೂ, ಬಾಯಿ ಬಿಟ್ಟಿರಲಿಲ್ಲ.

ಜೂನಿನಲ್ಲಿ ಹಟ್ಟಿಯಿಂದ ಸೋದರತ್ತೆ ಕರೆಮ್ಮ ಬಂದು ಹೋಗಿದ್ದಳು. ಅವಳ ಮಗ ದುರುಗಪ್ಪ ಪಿಯುಸಿ ಸೈನ್ಸಿನಲ್ಲಿ ಎರಡು ಸಲ ಫೇಲಾಗಿ, ಈಗ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಕ್ಕೆ ಸೇರಿದ್ದ. ಸೊಸೆಯಾಗಬೇಕಾದ ಹುಡುಗಿ ಬಿಎಸ್ಸಿ ಓದುತ್ತಾಳೆಂದು ಕೇಳಿ ಕರೆಮ್ಮ ಎಲೆಯಡಿಕೆ ಅಗಿಯುತ್ತ, "ಗಂಡ ಫೇಲಾದ ಪುಸ್ತಕ ಹೇಣ್ತಿ ಪಾಸಾದ್ರ ಮನ್ಯಾಗ ಯಾರ ಮಾತು ನಡೀತೈತ್ಯೋ ಗ್ಯಾನಪ್ಪ?" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಗ್ಯಾನಪ್ಪನೂ ನಕ್ಕಿದ್ದ. ಅತ್ತೆಯ ಬಾಯಿಗೆ ಬೀಗವಿಲ್ಲ ಎಂದು ಯಮನೂರಮ್ಮನೂ ನಕ್ಕು ಮರೆತಿದ್ದಳು.

ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ. ಕಾಲೇಜು ಬಿಟ್ಟು ಮಸ್ಕಿಗೆ ಬರುವ ಬಸ್ಸು. ಯಮನೂರಮ್ಮ ಎಂದಿನಂತೆ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ರಸ್ತೆ ಬಳಸಿ ಹೋಗುವಲ್ಲಿ ಒಂದು ಹೊಲ ಕಂಡಿತು. ಮೊಣಕಾಲು ಮಟ್ಟದ ಕೆಸರಿನಲ್ಲಿ ಏಳೆಂಟು ಹೆಣ್ಣುಮಕ್ಕಳು ಸಾಲಾಗಿ ಬಾಗಿ ಭತ್ತದ ಸಸಿ ಹಚ್ಚುತ್ತಿದ್ದರು. ಅವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಅದು ಗುಲ್ಷನ್‌ಳ ಅಬ್ಬಾ ದಾದೇಸಾಬನ ಎರಡೆಕರೆ.

ಗ್ಯಾನಪ್ಪನ ಗೇಟಿನಿಂದ ಹೊರಟ ಕಾಲುವೆ ಸಾಯುವುದೇ ಆ ಎರಡೆಕರೆಯ ಬದುವಿನಲ್ಲಿ. ಮೇಲಿನವರೆಲ್ಲ ಉಂಡು ಉಳಿದರೆ ಅಲ್ಲಿಗೆ ನೀರು. ಅದೂ ದಸರೆ ಹತ್ತಿರ ಬಂದ ಮೇಲೆ. ಬಸ್‌ಸ್ಟ್ಯಾಂಡಿನಲ್ಲಿ ಸೈಕಲ್ ರಿಪೇರಿ ಮಾಡುವ ದಾದೇಸಾಬ ಪ್ರತಿ ವರ್ಷ ಅಲ್ಲಿ ಜೋಳ ಬಿತ್ತಿ ಸುಮ್ಮನಾಗುತ್ತಿದ್ದ. ಆಗದ ಹೋಗದ ಕೆಲಸಕ್ಕೆ "ದಾದೇಸಾಬನ ಹೊಲಕ್ಕ ನೀರು ಬಂದಂಗ" ಎಂದು ಊರಿನವರು ಚೇಷ್ಟೆ ಮಾಡುವುದಿತ್ತು. ಈಗ ಮೇಲಿನ ಹೊಲಗಳಲ್ಲೇ ನಾಟಿ ಮುಗಿದಿಲ್ಲ, ಕೊನೆಯಂಚಿನ ಈ ಹೊಲ ಹಸಿರಾಗುತ್ತಿದೆ. ಯಾರೋ ಕಳ್ಳನೀರು ತಿರುಗಿಸಿದ್ದಾರೆ, ಅಪ್ಪನ ಹೆಸರು ಕೆಡುತ್ತದೆ ಎಂದುಕೊಂಡಳು. ಎರಡು ತಿಂಗಳ ಮೌನ ಬಾಯಿಂದ ತಾನಾಗಿ ಬಿದ್ದುಹೋಯಿತು.

"ನಿಮ್ಮ ಹೊಲಕ್ಕ ನೀರು ಯಾರು ಬಿಟ್ಟರು?"

ಗುಲ್ಷನ್ ಬೆಚ್ಚಿ ಅವಳ ಮುಖ ನೋಡಿದಳು. "ನಿಮ್ಮಪ್ಪನ ಬಿಟ್ಟಾರ. ನಿನಗ ಗೊತ್ತಿಲ್ಲೇನು?"

"ಅಪ್ಪ? ಯಾಕ?"

"ನಾ ನಿನಗ ಮಾಡಿದ ಉಪಕಾರಕ್ಕ ಅಂತ. ಅಬ್ಬಾ ಬ್ಯಾಡ ಅಂದ್ರು. ನಿಮ್ಮಪ್ಪ ಕೇಳಲಿಲ್ಲ."

"ನೀ ನನಗೇನು ಉಪಕಾರ ಮಾಡೀಯೇ? ಕುತ್ತಿಗಿ ಕೊಯ್ದಿ!"

ಮುಂದಿನ ಸೀಟಿನವರು ತಿರುಗಿ ನೋಡಿದರು. ಗುಲ್ಷನ್ ಧ್ವನಿ ತಗ್ಗಿಸಿದಳು. "ಹೆಸರು ಹಚ್ಚೂ ಹಿಂದಿನ ದಿನ ಸಂಜಿಗೆ ನಿಮ್ಮಪ್ಪ ನಮ್ಮ ಮನಿಗೆ ಬಂದಿದ್ರು. ನಿನಗ ಸಾಯನ್ಸ್ ಭಾರ ಆಗೇತಿ, ಲ್ಯಾಬು ಗೀಬು ಬ್ಯಾಡಾಗೇತಿ, ಆದ್ರ ನನ್ನ ಮುಂದ ಹೇಳಾಕ ನಾಚಿಗಿ, ನೀನ ಹಿಂಗ ಹೇಳಿ ಕಳಿಸೀದಿ ಅಂದ್ರು. ನಾ ಮೊದಲು ಆರ್ಟ್ಸ್ ಅಂದ್ಬಿಟ್ರ ನಿನ್ನ ಮರ್ಯಾದಿ ಉಳೀತೈತಿ, ಈ ಮಾತು ನಿನ್ನ ಮುಂದ ಯಾವತ್ತೂ ಎತ್ತಬಾರದು ಅಂತ ಅಬ್ಬಾನ ಕಡೆಯಿಂದ ಆಣಿ ಮಾಡಿಸಿದ್ರು."

ಯಮನೂರಮ್ಮ ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡಳು.

"ನೀ ಮಾತು ಬಿಟ್ಟಾಗ ಜನರ ಮುಂದ ನಾಟಕ ಮಾಡಾಕತ್ತಿ ಅನ್ಕೊಂಡಿದ್ದೆ," ಎಂದಳು ಗುಲ್ಷನ್. "ಆಮ್ಯಾಲ ನಾಟಕ ಭಾಳ ಉದ್ದ ಆತಲ್ಲ ಅನಿಸ್ತು. ನನಗೇನು ಹಿಸ್ಟರಿ ಬೇಕಿತ್ತೇನು ಯಮನಿ? ಬಾಟನಿ ಪುಸ್ತಕ ಇನ್ನೂ ಮಾರಿಲ್ಲ ನಾ. ನೀ ಖರೇನ ಹೇಳಿ ಕಳಿಸಿದ್ದಿಲ್ಲೇನು?"

ಯಮನೂರಮ್ಮನಿಗೆ ಪಡಸಾಲೆಯ ಕಂಬ ಕಣ್ಣಿಗೆ ಬಂತು. ಹೌದನು ಎಂದಿದ್ದ ಅಪ್ಪ, ಯಾಕೆ ಎಂದು ಕೇಳಿರಲಿಲ್ಲ. ಆರು ವರ್ಷದ ಜೋಡಿ ಹೀಗೇಕೆ ಮಾಡಿದಳು ಎಂದು ಒಂದು ಮಾತಾದರೂ ಕೇಳಬೇಡವೇ? ಆಗ ಹೊಳೆಯದಿದ್ದದ್ದು ಈಗ ಹೊಳೆಯಿತು. ಗೇಟು ಹತ್ತಿರ ಬರುತ್ತಿತ್ತು. ಅವಳು ಎದ್ದು, "ರೀ, ಇಲ್ಲಿ ನಿಲ್ಲಿಸ್ರೀ," ಎಂದು ಕಂಡಕ್ಟರನಿಗೆ ಕೂಗಿದಳು.

"ಒಬ್ಬಾಕೀನ ಇಳೀತೀಯೇನು?" ಎಂದಳು ಗುಲ್ಷನ್ ಗಾಬರಿಯಿಂದ.

ಒಬ್ಬಳೇ ಇಳಿದಳು.

ಗ್ಯಾನಪ್ಪ ಗೇಟಿನ ಪಕ್ಕದ ಬೇವಿನ ನೆರಳಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ. ಮಗಳ ಹೆಜ್ಜೆ ಅವನಿಗೆ ಗೊತ್ತು. "ಯಾಕವ್ವ ಇಲ್ಲೇ ಇಳದಿ? ಬಾ, ಉಣ್ಣು ಬಾ," ಎಂದ.

"ದಾದೇಸಾಬ್ ಚಾಚಾನ ಹೊಲದಾಗ ನೆಲ್ಲು ಹಚ್ಚಾಕತ್ತಾರ."

"ಹ್ಞಾಂ. ಈ ವರ್ಷ ನೀರು ಚೊಲೋ ಬಂದಾವ."

"ನನಗ ಸಾಯನ್ಸ್ ಭಾರ ಆಗೇತಿ ಅಂತ ಗುಲ್ಷನ್‌ಗ ನಾನ ಹೇಳಿ ಕಳಿಸಿದ್ದೆಂತ. ಯಾವಾಗ ಹೇಳಿದ್ದೆಪ್ಪ?"

ರೊಟ್ಟಿಯ ಚೂರು ಪಲ್ಯದಲ್ಲೇ ನಿಂತಿತು. ಗ್ಯಾನಪ್ಪ ಕಾಲುವೆಯ ಕಡೆ ನೋಡಿದ.

"ನಾ ನಿನಗ ಬ್ಯಾಡ ಅಂದೀನೇನವ್ವ? ಒಂದ ಸಲ ಅಂದೀನೇನು? ಕೊಟ್ಟ ಮಾತು ತಪ್ಪಿದವನಲ್ಲ ನಾನು."

"ಇಲ್ಲ. ತಪ್ಪಿಲ್ಲ."

"ನೀ ಹುಟ್ಟಿದ ವರ್ಷ ನಿಮ್ಮತ್ತಿಗೂ ಒಂದು ಮಾತು ಕೊಟ್ಟೀನಿ. ಆ ಹುಡುಗ ಎರಡು ಸಲ ಫೇಲಾಗ್ಯಾನ. ನೀ ಅದನ್ನ ಓದಿ ಮುಂದ ಹೋದ್ರ ನಾಳೆ ಅವನ ಮುಂದ ಹೆಂಗ ಬಾಳ್ವೆ ಮಾಡ್ತಿ? ಅಕ್ಕ ಕಣ್ಣಾಗ ನೀರು ತಂದು ಕೇಳಿದ್ಲು. ನಿನಗ ಬ್ಯಾಡ ಅಂದ್ರ ಈ ಮಾತು ಹೋಗತಿತ್ತು, ಹೂಂ ಅಂದ್ರ ಆ ಮಾತು ಹೋಗತಿತ್ತು. ನಾ ಏನು ಮಾಡ್ಲಿ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವನು ಲೆಕ್ಕ ಹಾಕಿದ್ದ. ಅದರಲ್ಲಿ ತನ್ನ ತಪ್ಪೇನಿದೆ ಎಂಬ ಬೆರಗು ಅವನ ಮುಖದ ಮೇಲೆ ನಿಜವಾಗಿಯೂ ಇತ್ತು. ಯಮನೂರಮ್ಮನಿಗೆ ತಡೆಯಲಾಗದಷ್ಟು ಸಂಕಟವಾದದ್ದು ಅದನ್ನು ನೋಡಿಯೇ.

"ನಿನ್ನ ಮಾತು ಉಳಿಸ್ಕೊಳ್ಳಾಕ ನನ್ನ ಮಾತು ಯಾಕ ತಗೊಂಡೆಪ್ಪ? ನಾ ಆಡದ ಮಾತು? ಬ್ಯಾಡ ಅಂದಿದ್ರ ಅಳ್ತಿದ್ದೆ. ಅತ್ತು ಸುಮ್ಮನಾಗ್ತಿದ್ದೆ. ಗುಲ್ಷನ್ ಆದ್ರೂ ನನ್ನ ಪಾಲಿಗೆ ಉಳೀತಿದ್ಲು. ಆಕಿ ಓದೂ ಹೋತು, ನನ್ನದೂ ಹೋತು. ಎರಡು ತಿಂಗಳು ಆಕೀನ ಬೈಕೋತ ಬಂದೀನಿ ನಾ, ಎದೀ ಒಳಗ. ನೀ ನೋಡ್ಕೋತ ಕುಂತಿದ್ದಿ."

ಗ್ಯಾನಪ್ಪ ಬುತ್ತಿಯ ಬಟ್ಟೆ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ದೂರದಲ್ಲಿ ಯಾರೋ ಎತ್ತುಗಳನ್ನು ಹುರಿದುಂಬಿಸುವ ಕೂಗು ಕೇಳುತ್ತಿತ್ತು. ಕೊನೆಗೆ ಅವನು ಎದ್ದು, "ಎರಡು ಗಂಟೀಗೆ ನೀರು ಏರಿಸಬೇಕು. ಮ್ಯಾಲಿನವರು ಕಾಯಾಕತ್ತಾರ," ಎಂದು ಯಾರಿಗೋ ಹೇಳುವಂತೆ ಹೇಳಿ ಗೇಟಿನ ಕಟ್ಟೆ ಹತ್ತಿದ.

ಅವಳು ಹೊರಟುಬಿಡಬಹುದಿತ್ತು. ರಸ್ತೆಯವರೆಗೂ ಹೋದಳು ಕೂಡ. ಆದರೆ ಚಕ್ರ ಕಿರ್ರೆಂದ ಸದ್ದಿಗೆ, ಇಷ್ಟು ವರ್ಷದ ರೂಢಿಗೆ ಬಿದ್ದ ಕಾಲು ತಿರುಗಿದವು. ಮೇಲಿನ ಹೊಲದವರು ನೀರಿಗೆ ಕಾದಿದ್ದರು. ಅವರೇನು ತಪ್ಪು ಮಾಡಿದ್ದರು? ಅವಳು ಪುಸ್ತಕವನ್ನು ದಂಡೆಯ ಮೇಲಿಟ್ಟು, ಚಪ್ಪಲಿ ಬಿಟ್ಟು, ಪಾಚಿಗಟ್ಟಿದ ಮೆಟ್ಟಿಲಿಳಿದು ತನ್ನ ಜಾಗದಲ್ಲಿ ಕೂತಳು. ಗೇಟಿನ ಕೆಳಗಿನಿಂದ ಕೆಂಪು ನೀರು ನುಗ್ಗಿ ಪಟ್ಟಿಯ ಗೆರೆಗಳನ್ನು ಒಂದೊಂದಾಗಿ ಮುಚ್ಚುತ್ತ ಬಂತು.

"ಎಷ್ಟಾತವ್ವ?" ಮೇಲಿನಿಂದ ಗ್ಯಾನಪ್ಪನ ದನಿ ಬಂತು.

"ಎರಡು ನಾಕು."

ಅವನ ಬಾಯಿಂದ ಹ್ಞಾಂ ಬರಲಿಲ್ಲ. ಚಕ್ರವೂ ತಿರುಗಲಿಲ್ಲ. ಅವಳು ಕಾದಳು. ಬೇಕಾದರೆ ಇನ್ನೊಮ್ಮೆ ಕೂಗಬಹುದಿತ್ತು, ಕೂಗಲಿಲ್ಲ.

ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಗ್ಯಾನಪ್ಪ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ತಡವುತ್ತ ಇಳಿದು ಬಂದ. ಮಗಳ ಮುಖ ನೋಡಲಿಲ್ಲ. ಅವಳನ್ನು ದಾಟಿ ಕೊನೆಯ ಮೆಟ್ಟಿಲಲ್ಲಿ ಮೊಣಕಾಲೂರಿದ. ಪಟ್ಟಿಯ ಮೇಲಿನ ಪಾಚಿಯನ್ನು ಹೆಬ್ಬೆರಳಿನಿಂದ ಒರೆಸಿ, ಮೂಗು ನೀರಿಗೆ ತಾಗುವಷ್ಟು ಹತ್ತಿರ ಬಾಗಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

ನೀರು ಅವಳು ಹೇಳಿದ ಗೆರೆಯ ಮೇಲೇ ಇತ್ತು.